ರಸ್ತೆ ದಾಟಿದ ವೀರಭದ್ರ

ಜಡೆ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರವಿದ್ದ ಯಲ್ಲಪ್ಪನ ಚಾ ಅಂಗಡಿ ಬೆಳಗಾಗುವಷ್ಟರಲ್ಲಿ ಬೂದಿಯಾಗಿತ್ತು. ಬೆಂಚಿಲ್ಲ, ಲೋಟಗಳಿಲ್ಲ, ಗೋಡೆಯ ಅಂಬೇಡ್ಕರ್ ಫೋಟೋ ಇಲ್ಲ. ಅದರ ಪಕ್ಕದಲ್ಲೇ ಇದ್ದ ವೀರಭದ್ರ ದೇವರ ಪಟ ಮಾತ್ರ ರಸ್ತೆಯಾಚೆ ಅರಳಿಕಟ್ಟೆಯ ಮೇಲೆ ಆರಾಮಾಗಿ ಕೂತಿತ್ತು.

ಊರಿನವರು ಪವಾಡ ಅಂದರು. ದೂರದಿಂದಲೇ ಕೈಮುಗಿದರು. ದೇವರು ಎದ್ದು ರಸ್ತೆ ದಾಟಿದ ಸುದ್ದಿ ಬಸ್ಸು ಹತ್ತಿ ಸೊರಬಕ್ಕೆ ಹೋಯಿತು. ವಾಪಸ್ ಬರುವಾಗ ದೇವರ ಕೈಯಲ್ಲಿ ಚಾ ಲೋಟವೂ ಇತ್ತು.

ಅದು ೧೯೯೭. ಶಿಕಾರಿಪುರದಿಂದ ಡಿವೈಎಸ್ಪಿ ಪಂಚಾಕ್ಷರಪ್ಪ ಬಂದರು. ಯಲ್ಲಪ್ಪ ಪರಿಶಿಷ್ಟ ಜಾತಿಯವನು. ದೂರಿನಲ್ಲಿ ದೌರ್ಜನ್ಯ ತಡೆ ಕಾಯ್ದೆಯ ಹೆಸರಿತ್ತು. ಆ ಕೇಸುಗಳನ್ನು ಅವರೇ ನೋಡಬೇಕು. ನೋಡಿ ನೋಡಿ ಅವರ ಮುಖ ಜೀಪಿನ ಸೀಟಿನ ಹಾಗೆ ಸವೆದಿತ್ತು.

"ಸ್ಟೌ ಸಿಡಿದದ್ದು ಸಾಹೇಬ್ರೆ," ಎಂದರು ಊರಿನ ಹಿರಿಯ ಮಹೇಶ್ವರಪ್ಪ. "ಕೇಸು ಗೀಸು ಯಾಕೆ?"

"ಸ್ಟೌ ಸಿಡಿಯೋದು ದೇವರಿಗೆ ಮೊದ್ಲೇ ಗೊತ್ತಿತ್ತಾ?"

"ದೇವರಿಗೆ ಗೊತ್ತಿಲ್ದೇ ಇರೋದು ಏನೈತ್ರೀ?"

ಯಲ್ಲಪ್ಪ ಡಿವೈಎಸ್ಪಿಯನ್ನು ಪಕ್ಕಕ್ಕೆ ಕರೆದ. "ಸ್ಟೌ ಅಂತ ಬರೀಬ್ಯಾಡ್ರಿ ಸಾರ್. ಬರೆದ್ರೆ, ನಾನು ಮತ್ತೆ ಕಟ್ಟಿದ್ರೂ ಮತ್ತೆ ಸುಡ್ತಾರೆ."

* * *

ಯಲ್ಲಪ್ಪನಿಂದಾಗಿ ಗಿರಾಕಿ ಕಳಕೊಂಡಿದ್ದವನು ಪಕ್ಕದ ಹೋಟ್ಲಿನ ಕೊಟ್ರೇಶ್.

"ನೀನೇ ಅಲ್ವೇನೋ ಹಚ್ಚಿದ್ದು?"

"ಅಯ್ಯೋ, ನಾನೇ ಅಲ್ಲಿಗೆ ಹೋಗಿ ಕುಡೀತಿದ್ದೆ ಸಾರ್. ನಮ್ ಹೋಟ್ಲು ಚಾ ಮನುಷ್ಯರು ಕುಡಿಯೋ ಹಂಗಿಲ್ಲ."

ಆ ಚಾ ಒಂದು ಗುಟುಕು ಕುಡಿದ ಪಂಚಾಕ್ಷರಪ್ಪ ಅವನನ್ನು ನಂಬಿದರು.

ಆಮೇಲೆ ಯಲ್ಲಪ್ಪನ ಹೆಂಡತಿ ತಾಯಮ್ಮನಿಗೆ ಪಟ ತೋರಿಸಿದರು.

"ಇದು ನಮ್ದಾ ಸಾರ್? ನಮ್ದಕ್ಕೆ ಸ್ಟೌ ಮಸಿ ಹಿಡಿದಿತ್ತು. ನಿನ್ನೆ ನಾನಿಟ್ಟ ಕುಂಕುಮಾನೂ ಇತ್ತು."

ಗಾಜು ಫಳಫಳ ಅನ್ನುತ್ತಿತ್ತು. ಮೇಲೆ ಹೊಸ ವಿಭೂತಿ. ಹಿಂದಿನ ರಟ್ಟು ಒದ್ದೆಯಾಗಿ ಉಬ್ಬಿತ್ತು.

"ಯಾರಿಗೂ ಹೇಳಬೇಡಮ್ಮ," ಎಂದು ಪಟವನ್ನು ಟವೆಲಿನಲ್ಲಿ ಸುತ್ತಿದರು.

* * *

ಸಂಜೆ ಕಟ್ಟೆಯ ಹತ್ತಿರ ಊರು ಸೇರಿತು. ಪಂಚಾಕ್ಷರಪ್ಪ ಟವೆಲ್ ಸುತ್ತಿದ್ದ ಪಟವನ್ನು ಹಾಗೇ ಮುಂದೆ ಹಿಡಿದರು.

"ತಾಯಮ್ಮ, ನಿಮ್ಮ ದೇವರು. ತಗೋ."

ಅವಳು ಕೈ ಚಾಚಿದಳು.

"ಅವಳ ಕೈಗೆ ಕೊಡಬೇಡ್ರೀ!" ಮಹೇಶ್ವರಪ್ಪ ಎದ್ದೇಬಿಟ್ಟರು. "ತೊಳ್ದು ಶುದ್ಧ ಮಾಡಿದ್ದು ಅದು!"

ಪಂಚಾಕ್ಷರಪ್ಪ ಅವರ ಕಡೆ ತಿರುಗಿದರು.

"ತೊಳೆದದ್ದು ನನಗೆ ಗೊತ್ತು, ತಾಯಮ್ಮಗೆ ಗೊತ್ತು. ನಿಮಗೆ ಹೆಂಗೆ ಗೊತ್ತಾತ್ರಿ?"

ಮಹೇಶ್ವರಪ್ಪ ಕೂತರು. "ನಮ್ ಹುಡುಗ್ರೆಲ್ಲ ಇವನ ಅಂಗಡೀಲೇ ಹೋಗಿ ಕೂರ್ತಿದ್ರು…"

"ಹಚ್ಚೋ ಮುಂಚೆ ದೇವರನ್ನ ಹೊರಗೆ ತಂದ್ರಿ. ಅಂಬೇಡ್ಕರನ್ನ ಅಲ್ಲೇ ಬಿಟ್ರಿ. ಬರೀ ಅಂಗಡಿ ಮೇಲಿನ ಸಿಟ್ಟಾಗಿದ್ರೆ ಅಲ್ಲಿಗೇ ಮುಗೀತಿತ್ತು. ಇವಳ ಕೈ ಮುಟ್ಟಿದ ದೇವರು ಅಂತ ತೊಳೆದ್ರಿ. ಜಾತಿಗಾಗಿ ಮಾಡಿದ್ದು ಅಂತ ಕೋರ್ಟಿನಲ್ಲಿ ತೋರಿಸೋಕೆ ನಾವು ಒದ್ದಾಡ್ತೀವಿ. ನೀವೇ ತೋರಿಸಿಬಿಟ್ರಿ."

"ಒಂದು ಗುಡಿಸಲು ಸುಟ್ಟದ್ದಕ್ಕೆ ಇಷ್ಟೆಲ್ಲ ಏನ್ರೀ?"

"ಸುಟ್ಟದ್ದಕ್ಕೆ ಅರ್ಧ. ತೊಳೆದದ್ದಕ್ಕೆ ಇನ್ನರ್ಧ. ಜೀಪು ಹತ್ರಿ."

* * *

ಮರುದಿನ ಯಲ್ಲಪ್ಪ ಬೂದಿ ಗುಡಿಸಿ ಮೂರು ಕಲ್ಲಿಟ್ಟು ಹಾಲು ಕಾಯಿಸಿದ. ಆನವಟ್ಟಿ ಬಸ್ಸಿನಿಂದ ಇಳಿದವರು ನಿಂತು ನೋಡಿದರು. ಯಾರೂ ಚಾ ಕುಡಿಯಲಿಲ್ಲ. ಒಲೆಯನ್ನು ಯಾರೂ ಒದೆಯಲೂ ಇಲ್ಲ.

"ಇವತ್ತಿಗೆ ಇಷ್ಟು ಸಾಕು ಬಿಡು," ಎಂದು ತಾಯಮ್ಮ ಹಾಲು ಇಳಿಸಿದಳು.