ಮೆಟ್ಟಿಲ ತಿರುವಿಗೆ ಸರಿದ ರೂಟರ್

"ಅಯ್ಯೋ, ಅಲ್ಲಿ ಕೊರೀಬೇಡಿ!"

ಗುಬ್ಬಿ ಕೂಗುವಷ್ಟರಲ್ಲಿ ಫೈಬರ್ ಹಾಕಲು ಬಂದಾತನ ಡ್ರಿಲ್ ಮೆಟ್ಟಿಲ ತಿರುವಿನ ಗೋಡೆಗೆ ತಾಗಿತ್ತು. ಅವನು ತಬ್ಬಿಬ್ಬಾಗಿ ನಕ್ಷೆ ತೋರಿಸಿದ. "ನೀವೇ ಬರೆದಿದ್ದಲ್ವಾ ಮೇಡಂ? ಮೂಲೆಗಾದ್ರೆ ಒಂದೇ ತೂತು ಸಾಕಿತ್ತು. ಇಲ್ಲಿಗೆ ಎರಡು ಬೇಕು."

ನಕ್ಷೆ ಅವಳದೇ. ವಾರವಿಡೀ ಕೋಣೆ ಕೋಣೆ ಅಲೆದು, ಸಿಗ್ನಲ್ ಎಲ್ಲೆಲ್ಲಿ ಸಾಯುತ್ತದೆಂದು ನೋಡಿ, ನಡುಮನೆಯ ಮೂಲೆಯಲ್ಲಿ ಹಳೆಯ ಫೋನಿದ್ದ ಜಾಗಕ್ಕೆ ರೂಟರ್ ಗೊತ್ತುಮಾಡಿದ್ದಳು. ರೂಟರ್ ಕೂರಿಸಿದ ಮೇಲೆ ಆ ಗೋಡೆಗೆ ಬಣ್ಣ ಬಳಿಸುವುದೂ ತೀರ್ಮಾನವಾಗಿತ್ತು. ಈಗ ಯಾರೋ ಆ ಗುರುತನ್ನು ಅಳಿಸಿ ತಿರುವಿಗೆ ಸರಿಸಿದ್ದರು. ತಂತಿಯ ಉದ್ದವನ್ನೂ ತಿದ್ದಿದ್ದರು.

"ಅಮ್ಮಾ, ನಿನ್ನದೇ ಕೆಲಸ ತಾನೇ?" ಗೋಡೆ ತೂತು ಮಾಡಬೇಡಿ ಎಂದು ಹಿಂದಿನ ದಿನ ಜಗಳವಾಡಿದ್ದವಳು ಅಮ್ಮನೇ.

"ನಾನು ಮುಟ್ಟೇ ಇಲ್ಲ ಕಣೇ." ಅಮ್ಮ ಮುಖ ಸಪ್ಪಗೆ ಮಾಡಿಕೊಂಡು ಅಡುಗೆಮನೆ ಸೇರಿದಳು.

ಕನ್ನಡಕ ರಿಪೇರಿಗೆ ಕೊಟ್ಟಿದ್ದ ಅಪ್ಪ ಕಾಗದವನ್ನು ಮೂಗಿಗೆ ಹಿಡಿದು, "ನನಗೇನೂ ಕಾಣ್ತಿಲ್ಲಮ್ಮ" ಎಂದರು. ಬೇಗ ಫೈಬರ್ ಹಾಕಿಸಿ ಎಂದು ತಿಂಗಳಿಂದ ಪ್ರಾಣ ತಿಂದಿದ್ದ ಟೈಲರ್ ಚಿಕ್ಕಪ್ಪ ಇವತ್ತು ಹೊಲಿಗೆ ಯಂತ್ರ ಬಿಟ್ಟು ಏಳಲೇ ಇಲ್ಲ.

ಸೋದರತ್ತೆ ಎದ್ದು ಬಂದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಮನೆಯಲ್ಲಿ ಏನೇ ಕಳೆದರೂ, ಯಾರೇ ಸುಳ್ಳಾಡಿದರೂ ಪತ್ತೆ ಮಾಡುವುದು ಅವರೇ. ಬೆನ್ನ ಹಿಂದೆ ಗುಬ್ಬಿ.

ಅತ್ತೆ ನಕ್ಷೆ ಓದಿದರು. "ನೀನು ಮೀಟರಿನಲ್ಲಿ ಬರೆದಿದ್ದೆ. ಇಲ್ಲಿ ನಾನೂರ ಮೂವತ್ತೂ ಕಾಲು ಇಂಚು ಅಂತಿದೆ."

ಆಮೇಲೆ ನಡುಮನೆಯ ಮೂಲೆಯ ಸ್ಟೂಲ್ ಸರಿಸಿದರು. ಗುಬ್ಬಿ ಅಲ್ಲೇ ಕುಕ್ಕರಿಸಿದಳು. ಗೋಡೆಯ ತುಂಬ ಪೆನ್ಸಿಲಿನಲ್ಲಿ ಬರೆದ ಫೋನ್ ನಂಬರುಗಳು: ತಾತನ ದುಂಡಕ್ಷರದಲ್ಲಿ ಡಾಕ್ಟರು, ಅಪ್ಪನ ಅವಸರದ ಗೀಚಿನಲ್ಲಿ ಸೈಕಲ್ ಅಂಗಡಿ, ಎರಡನೇ ಕ್ಲಾಸಿನ ಅವಳದೇ ಸೊಟ್ಟ ಅಕ್ಷರಗಳಲ್ಲಿ ಗೆಳತಿಯ ಮನೆ. ಆ ಗೆಳತಿ ಈಗೆಲ್ಲಿದ್ದಾಳೋ. ಎಲ್ಲದರ ಮೇಲೂ ಧೂಳು. ಒಂದು ನಂಬರಿನ ಮೇಲಿನ ಧೂಳನ್ನು ಮಾತ್ರ ಯಾರೋ ಒರೆಸಿದ್ದರು. ಅದರ ಮುಂದೆ ಹೆಸರೇ ಇರಲಿಲ್ಲ.

ಅತ್ತೆ ಎಲ್ಲರನ್ನೂ ನಡುಮನೆಗೆ ಕರೆದರು. ಫೈಬರಿನವನೂ ಮೆಟ್ಟಿಲ ಮೇಲೆ ಕೂತ.

"ಅತ್ತಿಗೆ ಅಲ್ಲ. ಒಂದು ತೂತಿಗೇ ಜಗಳ ಆಡಿದವರು ಎರಡು ಮಾಡಿಸ್ತಾರಾ? ಅಣ್ಣನಿಗೆ ಕನ್ನಡಕ ಇಲ್ಲದೆ ಅಕ್ಷರವೇ ಕಾಣಲ್ಲ. ಇನ್ನು ತಂತಿಯನ್ನೂ ಕಾಲು ಇಂಚಿನ ಲೆಕ್ಕಕ್ಕೆ ಅಳೆಯೋನು ಈ ಮನೆಯಲ್ಲಿ ಒಬ್ಬನೇ. ರವಿಕೆ, ಷರ್ಟು ಅಳೆಯೋನು."

ಚಿಕ್ಕಪ್ಪ ತಲೆ ತಗ್ಗಿಸಿದರು.

"ಫೈಬರ್ ಅವನಿಗೆ ಬೇಕು. ಆ ಗೋಡೆಗೆ ಬಣ್ಣ ಮಾತ್ರ ಬೇಡ. " ಅತ್ತೆ ತಮ್ಮನತ್ತ ತಿರುಗಿದರು. "ನೀನು ಧೂಳು ಒರೆಸಿದ ನಂಬರು ನಿನ್ನ ಹೆಂಡತಿ ಓದುವಾಗ ಇದ್ದ ಹಾಸ್ಟೆಲಿನದು. ಅಲ್ವೇನೋ?"

ಚಿಕ್ಕಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

"ಹೇಳೋಕೆ ನಾಚಿಕೆ ಆಯ್ತು ಅಕ್ಕ," ಚಿಕ್ಕಪ್ಪ ಮೂಲೆಯ ಗೋಡೆಯತ್ತ ನೋಡಿದರು. "ಹೆಸರು ಬರೆದಿರಲಿಲ್ಲ. ನಿನಗೆ ಹೇಗೆ ಗೊತ್ತು?"

"ಪ್ರತಿ ಭಾನುವಾರ ಎಕ್ಸ್‌ಚೇಂಜಿನಲ್ಲಿ ಕೂತು ನಿನ್ನ ಟ್ರಂಕ್ ಕಾಲಿಗೆ ಲೈನ್ ಕೊಡ್ತಿದ್ದವಳು ನಾನೇ ಕಣೋ. ದನಿ ಬದಲಿಸಿ ಮಾತಾಡ್ತಿದ್ದೆ. ಮೂರು ನಿಮಿಷದ ಗಡುವು ಮುಗಿದ ಮೇಲೂ ಎಷ್ಟೋ ಸಲ ಕಟ್ ಮಾಡಿಲ್ಲ."

ಗುಬ್ಬಿ ಅಮ್ಮನ ಪಕ್ಕಕ್ಕೆ ಸರಿದು, "ತಪ್ಪಾಯ್ತಮ್ಮ" ಎಂದಳು. ಅಮ್ಮ ಅವಳ ಕೈ ಹಿಡಿದು ಫೈಬರಿನವನಿಗೆ ಹೇಳಿದಳು: "ತಿರುವಿನಲ್ಲೇ ಕೊರೀರಿ. ಆ ಗೋಡೆ ಹಾಗೇ ಇರಲಿ."

"ಅದೇ ಒಳ್ಳೇದು. ಎರಡು ಮಹಡಿಗೂ ಸಿಗ್ನಲ್ ಸಿಗುತ್ತೆ," ಎಂದು ಅವನು ಎದ್ದ.

"ಒಂದು ನಿಮಿಷ," ಚಿಕ್ಕಪ್ಪ ಕಣ್ಣೊರೆಸಿಕೊಂಡರು. ಮೂರು ವರ್ಷದಲ್ಲಿ ಹೆಂಡತಿಯ ಮಾತೆತ್ತಿದ್ದೇ ಇಲ್ಲ. "ಮೊದಲನೇ ಸಲ ಫೋನ್ ಎತ್ತಿದಾಗ ಅವಳು ಏನಂದ್ಲು ಗೊತ್ತಾ?"

ಡ್ರಿಲ್ ಕೆಳಗಿಟ್ಟು ಫೈಬರಿನವನು ಮತ್ತೆ ಕೂತ.