ಬೇಡ ಅಂದವನ ಅಂಗಡಿಯಲ್ಲಿ

ಯಾರೋ ಹಿಂದಿನಿಂದ ಬಂದು ಅವಳ ಕಿವಿಯ ಮೇಲಿದ್ದ ಹೆಡ್‌ಫೋನ್ ಕಿತ್ತುಕೊಂಡರು.

ಬೆಚ್ಚಿ ತಿರುಗಿದಳು. ವಾದ್ಯದಂಗಡಿಯವನು. ಮುಖದ ತುಂಬ ಗಾಬರಿ.

"ಇಷ್ಟು ಜೋರಾಗಿ ಇಟ್ಕೊಂಡ್ರೆ ಕಿವಿ ಹಾಳಾಗುತ್ತೆ ಮೇಡಂ. ಆಚೆಗೇ ಕೇಳಿಸ್ತಿದೆ."

"ಹಾಳಾಗಿರೋದಕ್ಕೇ ಜೋರಾಗಿ ಇಟ್ಕೊಂಡಿರೋದು. ಕೊಡಿ ಇಲ್ಲಿ."

ಪಾಪ, ಅವನ ಮುಖ ನೋಡಬೇಕಿತ್ತು. ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ.

ಅವಳು ಶಾಲೆಯಲ್ಲಿ ಹಾಡು ಕಲಿಸುವ ಟೀಚರ್. ಬಲಗಿವಿ ಯಾವತ್ತೋ ಹೋಗಿತ್ತು. ಎಡಗಿವಿಯೂ ಹೋಗುತ್ತದೆ, ಮೊದಲು ಏರುದನಿಗಳು, ಕೊನೆಗೆ ದಪ್ಪ ದನಿಗಳು ಎಂದು ಡಾಕ್ಟರು ಅಂದೇ ಹೇಳಿದ್ದರು. ಆಸ್ಪತ್ರೆಯಿಂದ ಮನೆಗೆ ನಡೆಯುವಾಗ ಅಂಗಡಿಯ ಗಾಜಿನ ಹಿಂದೆ ಪುಟ್ಟದೊಂದು ಸಿಂಥಸೈಸರ್, ಕರೆಂಟಿನಲ್ಲಿ ನುಡಿಯುವ ಕೀಬೋರ್ಡ್, ಕಂಡಿತ್ತು. ಮಡಿಲಲ್ಲಿ ಕೂರುವಷ್ಟು ಚಿಕ್ಕದು, ಟೀಚರ್ ಸಂಬಳಕ್ಕೂ ಎಟುಕುವಂಥದ್ದು. ಒಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು ಅದನ್ನೇ ನುಡಿಸಿ ನೋಡುತ್ತಿದ್ದಳು.

ಕೊಳ್ಳಬೇಕೋ ಬೇಡವೋ? ಇನ್ನೆಷ್ಟು ದಿನ ಕೇಳಿಸುತ್ತದೆಂದು ಕೊಳ್ಳುವುದು...

ಮನೆಯಲ್ಲಿ ಅಕ್ಕನ ಹತ್ತಿರ ಮಾತೆತ್ತಿದ್ದೇ ತಪ್ಪಾಯಿತು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತೆ ಕಣೇ," ಅಂದುಬಿಟ್ಟಳು ಅಕ್ಕ. ಅಂದವಳು ನಾಲಿಗೆ ಕಚ್ಚಿಕೊಂಡಳು, ತಂಗಿಯ ತಲೆ ನೇವರಿಸಿದಳು. ಏನು ಮಾಡಿದರೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆದರೂ ಅವಳು ದಿನಾ ಸಂಜೆ ಅಂಗಡಿಗೆ ಹೋದಳು. 'ಇನ್ನೊಮ್ಮೆ ನೋಡಿ ಹೇಳ್ತೀನಿ' ಅನ್ನುವುದು ನೆಪ. ಅವನು 'ನಿಧಾನಕ್ಕೆ ನೋಡಿ ಟೀಚರ್' ಅನ್ನುತ್ತ ಅವಳ ಎಡಗಡೆಗೇ ಬಂದು ಕೂರುತ್ತಿದ್ದ. ಅವಳು ಹೇಳಿರಲಿಲ್ಲ, ನೋಡಿಯೇ ತಿಳಿದುಕೊಂಡಿದ್ದ.

"ಈ ಗುಂಡಿ ಎಡಕ್ಕೆ ತಿರುಗಿಸಿ," ಒಂದು ಸಂಜೆ ತೋರಿಸಿದ. "ಕೀರಲು ದನಿಯೆಲ್ಲ ಹೋಗಿ ದಪ್ಪ ದನಿ ಉಳಿಯುತ್ತೆ. ಈಗ ನುಡಿಸಿ. ಕೇಳಿಸ್ತಾ?"

ಕೇಳಿಸಿತು. ಎಷ್ಟೋ ದಿನಗಳ ಮೇಲೆ ಒಂದು ಸ್ವರ ಪೂರ್ತಿಯಾಗಿ ಕೇಳಿಸಿತು. ಅವಳಿಗೆ ಅಳು ಬಂತು. ಅವನು ಎದ್ದು ಹೋಗಿ, ಧೂಳೇ ಇಲ್ಲದ ಗಿಟಾರೊಂದನ್ನು ಒರೆಸುತ್ತ ನಿಂತ.

ಮರುದಿನ ಅವಳು ಗಟ್ಟಿ ಮನಸ್ಸು ಮಾಡಿ ಬಂದಳು.

"ಪ್ಯಾಕ್ ಮಾಡಿ. ತಗೋತೀನಿ."

ಅವನ ಮುಖ ಸಣ್ಣಗಾಯಿತು.

"ಬೇಡ ಟೀಚರ್... ತಗೋಬೇಡಿ."

"ಯಾಕೆ?"

"ಸುಮ್ನೆ. ಬೇಡ."

ಬಂದ ಗಿರಾಕಿಯನ್ನು ಬೇಡ ಅನ್ನುವ ವ್ಯಾಪಾರಿಯನ್ನು ಅವಳು ಕಂಡಿರಲಿಲ್ಲ. 'ಇವನಿಗೂ ನಾನು ಕೋಣವೇ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.' ಅವಳು ಹೊರಬಿದ್ದಳು. ಆಮೇಲೆ ಆ ಬೀದಿಯನ್ನೇ ಬಿಟ್ಟು, ಸುತ್ತು ಬಳಸಿ ಮನೆಗೆ ಹೋಗತೊಡಗಿದಳು.

ಕಿವಿ ಮಾತ್ರ ಯಾರಿಗೂ ಕಾಯಲಿಲ್ಲ. ಒಂದು ದಿನ ಮಕ್ಕಳು ಬೇಕೆಂದೇ ಶ್ರುತಿ ತಪ್ಪಿಸಿ ಹಾಡಿದರು. "ಚೆನ್ನಾಗಿದೆ," ಅಂದಳು ಅವಳು. ಇಡೀ ಕ್ಲಾಸು ಬಾಯಿ ತೆರೆದು ನಗುವುದು ಕಂಡಿತು, ನಗು ಸರಿಯಾಗಿ ಕೇಳಿಸಲಿಲ್ಲ. ಮುಂದಿನ ವಾರ ಹೆಡ್‌ಮೇಡಂ ಹಾಡಿನ ಕ್ಲಾಸು ಬಿಡಿಸಿ, ಅವಳ ಕೈಯಲ್ಲಿ ಲೈಬ್ರರಿಯ ಬೀಗದ ಕೈ ಇಟ್ಟರು.

ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅಕ್ಕ ಪಕ್ಕದಲ್ಲಿ ಕೂತು, ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನನ್ನ ಬಾಯಿಗಿಷ್ಟು ಮಣ್ಣು ಹಾಕ. ಎದ್ದು ಹೋಗಿ ಅದನ್ನ ತಗೊಂಡು ಬಾ. ಕೇಳಿಸೋಷ್ಟು ದಿನ ಕೇಳು."

ಅಂಗಡಿಯ ಗಾಜಿನ ಹಿಂದೆ ಅದಿರಲಿಲ್ಲ. ಅವಳು ನೇರ ಒಳಗೆ ನುಗ್ಗಿದಳು.

"ಮಾರಿಬಿಟ್ರಾ?"

ಅವನು ಎಡಗಡೆಗೆ ಬಂದು ನಿಂತ. ಗಡ್ಡ ಬೆಳೆದಿತ್ತು, ಇಳಿದುಹೋಗಿದ್ದ.

"ಇಲ್ಲ. ಕೇಳಿದವರಿಗೆಲ್ಲ ಕೆಟ್ಟಿದೆ ಅಂದೆ." ಗಲ್ಲಾದ ಕೆಳಗಿನಿಂದ ಸಿಂಥಸೈಸರ್ ತೆಗೆದು ಅವಳ ಮುಂದಿಟ್ಟ.

"ನನಗೂ ಬೇಡ ಅಂದ್ರಲ್ಲ. ಕಿವುಡಿಗೆ ಯಾಕೆ ದಂಡ ಅಂತ ತಾನೆ?"

"ಅಯ್ಯೋ... ಹಾಗಂದ್ಕೊಂಡ್ರಾ ಟೀಚರ್?" ಅವನು ತಲೆ ತಗ್ಗಿಸಿದ. ಹಾಗೆ ಮಾತಾಡಿದರೆ ಅವಳಿಗೆ ಕೇಳಿಸುವುದಿಲ್ಲವೆಂದು ನೆನಪಾಗಿ ಮತ್ತೆ ಎತ್ತಿದ. "ತಗೊಂಡು ಹೋದ್ಮೇಲೆ ನೀವು ಇಲ್ಲಿಗೆ ಯಾಕೆ ಬರ್ತೀರ? ಅದಕ್ಕೇ ಬೇಡ ಅಂದೆ. ನನ್ನ ಸ್ವಾರ್ಥ ಅದು. ನೀವು ಅಂದ್ರೆ ನನಗೆ ತುಂಬಾ ಇಷ್ಟ. ನೀವು ಬರೋದು ಬಿಟ್ಮೇಲೆ ಬಾಗಿಲು ತೆಗೆಯೋಕೂ ಮನಸ್ಸಾಗ್ತಿರಲಿಲ್ಲ."

ಅವಳಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು.

"ಬಾಯಿಗೆ ಬೀಗ ಬಿದ್ದಿತ್ತಾ? ಇರೋದೇ ಸ್ವಲ್ಪ ದಿನದ ಕಿವಿ. ಅದರಲ್ಲೂ ಒಂದಿಷ್ಟು ನೀವೇ ದಂಡ ಮಾಡಿದ್ರಿ."

"ತಪ್ಪಾಯ್ತು."

ಡ್ರಾಯರಿನಿಂದ ಕವಲಿರುವ ಒಂದು ವೈರು ತೆಗೆದ. ಒಂದು ತುದಿಯನ್ನು ವಾದ್ಯಕ್ಕೆ ಸಿಕ್ಕಿಸಿ, ಎರಡು ಕವಲಿಗೆ ಎರಡು ಹೆಡ್‌ಫೋನ್ ಹಾಕಿದ. ಒಂದನ್ನು ಅವಳ ಕಡೆ ಚಾಚಿದ.

ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ.

"ಮುಂದೆ ನನಗೇನೂ ಕೇಳಿಸಲ್ಲ. ನಿಮ್ಮ ದನಿಯೂ. ಗೊತ್ತು ತಾನೆ?"

"ಗೊತ್ತು."

"ಆಗ ನಾನು ನುಡಿಸಿದ್ದು ನನಗೇ ತಿಳಿಯಲ್ಲ."

"ನಾನು ಕೇಳ್ತೀನಿ. ಎಲ್ಲಿ ತಪ್ಪಿದ್ರಿ ಅಂತ ಕೈ ಮುಟ್ಟಿ ಹೇಳ್ತೀನಿ."

"ತಪ್ಪೇ ಆಗದಿದ್ರೆ?"

"ಆಗಲೂ ಮುಟ್ತೀನಿ."