ಕತ್ತು ಒರೆಸಿದರೆ ಕೈ ಎತ್ತಿ!

ಹೂಟರ್ ನಿಂತಿತು.

ಹೂಟರ್ ನಿಂತರೆ ಬೆಲ್ಟ್ ಓಡುತ್ತದೆ. ನಾನು ಆ ಬೆಲ್ಟಿನ ಮೇಲೆ ಅಂಗಾತ ಬಿದ್ದಿದ್ದೆ!

ಬೆನ್ನಿನ ಕೆಳಗೆ ಕಲ್ಲಿದ್ದಲಿನ ಚೂಪು ಗಟ್ಟಿಗಳು. ತಲೆಯ ಮೇಲೆ ತಗಡಿನ ಸೂರು. ಕಾಲಿನ ದಿಕ್ಕಿಗೆ, ದೂರದಲ್ಲಿ, ಒಂದು ಕಪ್ಪು ಬಾಯಿ. ಅದರ ಕೆಳಗೆ ಕ್ರಷರ್ ಗರಗರ ಅನ್ನುತ್ತಿತ್ತು. ಕಲ್ಲಿದ್ದಲನ್ನು ಪುಡಿ ಮಾಡುವ ಯಂತ್ರ. ಮನುಷ್ಯ ಬಿದ್ದರೆ ಬೇಡ ಅನ್ನುವುದಿಲ್ಲ.

ಬೆಲ್ಟ್ ಅಲುಗಿತು. ಹೊರಟೇಬಿಟ್ಟಿತು...

ಏಳಲು ನೋಡಿದೆ. ಮೊಣಕಾಲು ಮಾತು ಕೇಳಲಿಲ್ಲ, ಅದಕ್ಕೆ ಆಗಲೇ ಸ್ಪ್ಯಾನರ್ ಏಟು ಬಿದ್ದಿತ್ತು. ಬೆಲ್ಟಿನ ಅಂಚು ಹಿಡಿದೆ. ಬೆರಳ ಮೇಲೆ ಇನ್ನೊಂದು ಏಟು!

"ಮಲಗು, ಮಲಗು... ಆರಾಮಾಗಿ ಹೋಗಿ ಬಾ," ಎಂದ ಗೂಳಿ.

ಸ್ಪ್ಯಾನರ್ ಹಿಡಿದು ಪಕ್ಕದಲ್ಲೇ ನಡೆದು ಬರುತ್ತಿದ್ದ. ನೆಂಟರನ್ನು ಬಸ್ ಹತ್ತಿಸಲು ಬಂದವನ ಹಾಗೆ.

ಇಂಥ ಕಡೆಗೆ ಹೇಗೆ ಹೋದೆ ಅಂತೀರಾ? ಬೆಳಿಗ್ಗೆಯಿಂದ ಹೇಳಿಬಿಡುತ್ತೇನೆ. ನನಗೆ ಕೆಲಸ ಕೊಡಲು ಬಂದಿದ್ದೀರಿ. ಪೂರ್ತಿ ಕೇಳಿ, ಆಮೇಲೆ ಕೊಡುವುದೋ ಬಿಡುವುದೋ ನಿಮ್ಮಿಷ್ಟ.

ನನ್ನ ಕಸುಬು ಜನ ಒದಗಿಸುವುದು. ಸಭೆ, ಮೆರವಣಿಗೆ, ಜೈಕಾರ, ಧಿಕ್ಕಾರ... ಏನು ಬೇಕೋ ಅದಕ್ಕೆ. ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ನಮ್ಮವರು ಕೂಗು ಅಂದರೆ ಕೂಗುತ್ತಾರೆ, ಅಳು ಅಂದರೆ ಅಳುತ್ತಾರೆ. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರೇ ಹೇಳಿದ್ದಾರೆ. ಎಲ್ಲಿಂದ ಬಂದ ಗಾಳಿ ಅಂತ ನಾನು ಕೇಳುವವನಲ್ಲ.

ಆ ಸಲದ ಗಾಳಿ ಕಲ್ಲಿದ್ದಲಿನ ಕಡೆಯಿಂದ ಬಂತು.

ಚುನಾವಣೆಯಲ್ಲಿ ಸಣ್ಣ ಪಕ್ಷ ಆಣೆ ಮಾಡಿತ್ತು: "ಕಲ್ಲಿದ್ದಲಿನ ಹೊಸ ವಿದ್ಯುತ್ ಸ್ಥಾವರ ಒಂದನ್ನೂ ಕಟ್ಟೋಕೆ ಬಿಡೋದಿಲ್ಲ!" ಜನ ನಂಬಿ ವೋಟು ಹಾಕಿದರು. ಆಮೇಲೆ ದೊಡ್ಡ ಪಕ್ಷಕ್ಕೆ ಸರ್ಕಾರ ಮಾಡಲು ಇವರ ಬೆಂಬಲ ಬೇಕಾಯಿತು, ಇವರಿಗೆ ಮಂತ್ರಿಗಿರಿ ಬೇಕಾಯಿತು. ಬಾಗಿಲು ಹಾಕಿಕೊಂಡು ರಾಜಿ ಮಾಡಿಕೊಂಡರು. ಕುರ್ಚಿ ಇವರಿಗೆ, ಹೊಸ ಸ್ಥಾವರಗಳು ಅವರಿಗೆ, ಬೂದಿ ನಮಗೆ! ಮೊದಲನೆಯದು ನಮ್ಮೂರಿನ ಹಳೇ ಸ್ಥಾವರದ ಮಗ್ಗುಲಲ್ಲೇ.

ಊರು ಬೀದಿಗಿಳಿಯಿತು. ಕಟ್ಟುವ ಮುಂಚೆ ಒಂದು ಸಾರ್ವಜನಿಕ ಸಭೆ ಆಗಲೇಬೇಕು ಅಂತ ಕಾನೂನು. ಸರ್ಕಾರದ ಅಧಿಕಾರಿ ಬಂದು ಎಲ್ಲರ ಮಾತು ಕೇಳಿ, ಕೊನೆಗೆ ಕೈ ಎತ್ತಿಸುತ್ತಾರೆ. ಅದೇ ಊರಿನ ಅಭಿಪ್ರಾಯ.

ದೊಡ್ಡ ಪಕ್ಷದವರು ನನ್ನ ಹತ್ತಿರ ಕಳಿಸಿದ್ದು ಕೂಲಿಂಗ್ ಗ್ಲಾಸ್‌ನನ್ನು. ರೂಮಿನೊಳಗೂ ಕಪ್ಪು ಕನ್ನಡಕ ತೆಗೆಯದ ಆಸಾಮಿ.

"ಹಾಲ್ ತುಂಬ ನಿನ್ನ ಜನಾನೇ ಇರ್ಬೇಕು. ಊರಿನವರು ಬರೋ ಹೊತ್ತಿಗೆ ಹೌಸ್‌ಫುಲ್!"

"ಆಯ್ತು."

"ಸರಿಯಾದ ಟೈಮಿಗೆ ಕೈ ಎತ್ತಬೇಕು."

"ನಾನು ಕರ್ಚೀಫ್ ತೆಗೆದು ಕತ್ತು ಒರೆಸಿಕೊಂಡ್ರೆ ಅಷ್ಟೂ ಕೈ ಮೇಲೇಳುತ್ವೆ. ಅದು ನಮ್ಮ ಸಿಗ್ನಲ್."

"ಭೇಷ್! ಮತ್ತೆ... ನಿನ್ನ ಅಕ್ಕ?"

ನಾನು ಕರ್ಚೀಫ್ ತೆಗೆದು ಮತ್ತೆ ಮಡಿಸತೊಡಗಿದೆ.

"ಬಿಡು. ಅವಳ ಹತ್ರ ನಾವು ಮಾತಾಡ್ತೀವಿ."

ಅಕ್ಕನ ಹತ್ತಿರ ಮಾತಾಡಿ ಗೆದ್ದವರು ಈವರೆಗೆ ಹುಟ್ಟಿಲ್ಲ. ಮಾತಾಡಲಿ, ಪಾಪ, ಅಂದುಕೊಂಡೆ.

ವಿರೋಧದವರ ಮುಂದಾಳು ನನ್ನ ಒಡಹುಟ್ಟಿದ ಅಕ್ಕ. ಹಳೇ ಸ್ಥಾವರದಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟ್ ಕಾಯುವ ಕೆಲಸ ಅವಳದು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳೂ ಅವಳೇ. ಭಾವನೂ ಅಲ್ಲೇ ದುಡಿದವರು. ಈಗ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು, ಮುಚ್ಚಿದ ಕಿಟಕಿಯ ಪಕ್ಕ ಕೂತಿರುತ್ತಾರೆ.

ಹಿಂದಿನ ದಿನ ಅಕ್ಕ ನನ್ನ ತಟ್ಟೆಗೆ ಬಡಿಸುತ್ತಲೇ ಹೇಳಿದ್ದಳು: "ಅನ್ನ ಹಾಕಿದ ಕಲ್ಲಿದ್ದಲನ್ನೇ ಬೈತೀಯಾ ಅಂತಾರೆ ಕಣೋ. ಹೌದು, ಅನ್ನ ಹಾಕ್ತು. ಆಮೇಲೆ ನನ್ನ ಗಂಡನ್ನ ತಿಂತು! ನಾಳೆ ನಿನ್ನ ಮಂದೆ ಹೊಡ್ಕೊಂಡು ಬಂದ್ರೆ, ನನ್ನನ್ನ ಅಕ್ಕ ಅನ್ಬೇಡ."

"ಕಸುಬು, ಅಕ್ಕ."

"ತಿನ್ನು. ತಿಂದು ಎದ್ದು ಹೋಗು."

ಬೆಳಿಗ್ಗೆ ಮಂದೆ ಹೊಡೆದುಕೊಂಡು ಹೋದೆ. ಹಾಲ್ ತುಂಬಿತು. ಊರಿನವರು ಬಂದಾಗ ಪೊಲೀಸರು ಬಾಗಿಲಲ್ಲಿ ಕೈ ಅಡ್ಡ ಹಿಡಿದರು. ಜಾಗ ಇಲ್ಲ! ಹೊರಗೆ ಕೂಗಾಟ ಶುರುವಾಯಿತು. ಭಾಷಣ ಮಾಡುವವರ ಹೆಸರು ಮೊದಲೇ ಬರೆಸಿದ್ದರು. ಅಧಿಕಾರಿ ಮೊದಲ ಹೆಸರು ಕೂಗಿದರು. ಅಕ್ಕನ ಹೆಸರು.

ಅಕ್ಕ ಬರಲಿಲ್ಲ.

ಇನ್ನೊಮ್ಮೆ ಕೂಗಿದರು. ಇಲ್ಲ! ಅಕ್ಕ ಯಾವತ್ತೂ ಲೇಟಾದವಳಲ್ಲ. ವೇದಿಕೆಯ ಪಕ್ಕ ನಿಂತಿದ್ದ ಕೂಲಿಂಗ್ ಗ್ಲಾಸ್ ನನ್ನ ಕಡೆ ತಿರುಗಿ ಹಲ್ಲು ಬಿಟ್ಟ.

ಫೋನ್ ಅದುರಿತು. ಭಾವ.

"ನಿಮ್ಮಕ್ಕ ಅಲ್ಲಿದಾಳಾ?" ಉಸಿರು ಸಾಲುತ್ತಿರಲಿಲ್ಲ ಅವರಿಗೆ. "ಬೆಳಿಗ್ಗೆ... ಸ್ಥಾವರದಿಂದ ಫೋನ್ ಬಂತು. ಬೆಲ್ಟ್ ಕೆಟ್ಟಿದೆ, ಒಂಚೂರು ಬಂದು ಹೋಗಮ್ಮ ಅಂತ... ಹೋದವಳು ಬರಲಿಲ್ಲ. ಫೋನೂ ಆಫ್."

ಅಷ್ಟರಲ್ಲಿ ಊರಾಚೆಯಿಂದ ಹೂಟರ್ ಕೇಳಿಸಿತು. ನಿಂತಿತು. ಒಂದು ಗಳಿಗೆ ಬಿಟ್ಟು ಮತ್ತೆ ಊಳಿಟ್ಟಿತು. ಮತ್ತೆ ನಿಂತಿತು. ಮತ್ತೆ!

ನಮ್ಮೂರಿನವರಿಗೆ ಇದು ಹೇಳಿಕೊಡಬೇಕಿಲ್ಲ. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ಅಪಾಯವಾದರೆ ಎಳೆಯಲು. ಎಳೆದರೆ ಬೆಲ್ಟ್ ನಿಲ್ಲುತ್ತದೆ. ಮತ್ತೆ ಓಡಬೇಕಾದರೆ, ಎಳೆದ ಜಾಗಕ್ಕೇ ಒಬ್ಬ ಹೋಗಿ ಅಲ್ಲಿಯ ಸ್ವಿಚ್ಚನ್ನು ಕೈಯಾರೆ ಸರಿ ಮಾಡಬೇಕು. ಆಮೇಲೆ ಹೂಟರ್, ಆಮೇಲೆ ಓಟ.

ಯಾರೋ ಸರಿ ಮಾಡುತ್ತಿದ್ದರು. ಯಾರೋ ಬಿಡದೆ ಎಳೆಯುತ್ತಿದ್ದರು. ಅಂಥ ಹಟ ನಮ್ಮ ವಂಶದಲ್ಲಿ ಒಬ್ಬಳಿಗೇ ಇರುವುದು!

ಎದ್ದೆ. ಕೂಲಿಂಗ್ ಗ್ಲಾಸ್ ರಟ್ಟೆ ಹಿಡಿದ.

"ಎಲ್ಲಿಗೆ?"

"ಬಾತ್‌ರೂಮಿಗೆ."

"ಕರ್ಚೀಫ್ ಕೊಟ್ಟು ಹೋಗು. ನೀನು ಬರದೆ ಇದ್ರೆ ನಾನೇ ಒರೆಸ್ಕೋತೀನಿ."

ಕೊಟ್ಟೆ. ಹೊರಗೆ ಬಂದು ಸ್ಕೂಟರ್ ಒದ್ದೆ.

ಸ್ಥಾವರದ ಗೇಟಿನವನಿಗೆ ನನ್ನ ಗುರುತಿತ್ತು. "ಅಕ್ಕ ಬೆಳಿಗ್ಗೆನೇ ಬಂದ್ರಪ್ಪ. ಹೊರಗೆ ಹೋಗಿದ್ದು ನೋಡ್ಲಿಲ್ಲ," ಎಂದ. ಕಬ್ಬಿಣದ ಮೆಟ್ಟಿಲು ಹತ್ತಿ ಓಡಿದೆ. ಮೇಲೆ ತಗಡಿನ ಉದ್ದನೆಯ ಓಣಿ, ನಡುವೆ ಬೆಲ್ಟ್. ಗಾಳಿಯೆಲ್ಲ ಕಪ್ಪು ಧೂಳು.

ಓಣಿಯ ಪಕ್ಕದಲ್ಲಿ ಸಾಮಾನಿಡುವ ಕೋಣೆ. ಬಾಗಿಲಿಗೆ ಬೀಗ. ಕಿಟಕಿಯ ಸರಳುಗಳ ನಡುವಿನಿಂದ ಉದ್ದ ಕೋಲಿನ ಪೊರಕೆಯೊಂದು ಹೊರಗೆ ಚಾಚಿ, ಹಗ್ಗಕ್ಕೆ ಸಿಕ್ಕಿಸಿಕೊಂಡಿತ್ತು!

"ಇನ್ನೊಂದ್ಸಲ ಸರಿ ಮಾಡು ಮಗನೇ," ಒಳಗಿನಿಂದ ಅಕ್ಕನ ದನಿ. "ನಾನು ಇನ್ನೊಂದ್ಸಲ ಎಳೀತೀನಿ!"

ಜೀವ ಬಂದಂತಾಯಿತು ನನಗೆ.

ಗೋಡೆಯ ಫೋನಿನಲ್ಲಿ ಗೂಳಿ ಸ್ಥಾವರದ ಕಂಟ್ರೋಲ್ ರೂಮಿಗೆ ಉತ್ತರ ಹೇಳುತ್ತ ಬೆವರುತ್ತಿದ್ದ. ಕೂಲಿಂಗ್ ಗ್ಲಾಸ್‌ನ ಬಂಟ ಅವನು, ಕುತ್ತಿಗೆಯೇ ಇಲ್ಲದ ಆಳು. "ಏನಿಲ್ಲ ಸಾರ್, ಹಗ್ಗ ಸ್ವಲ್ಪ ಲೂಸು... ಬೇಡ ಬೇಡ, ಯಾರನ್ನೂ ಕಳಿಸ್ಬೇಡಿ! ನಾನೇ ನೋಡ್ಕೋತೀನಿ." ಕೆಲಸದವರು ಮೇಲೆ ಬಂದರೆ ಗುಟ್ಟು ರಟ್ಟು. ಅದಕ್ಕೇ ಪಾಪ, ಪ್ರತಿ ಸಲವೂ ತಾನೇ ಸ್ವಿಚ್ ಸರಿ ಮಾಡುತ್ತಿದ್ದ.

ಫೋನ್ ಇಟ್ಟು ಪೊರಕೆ ಕಿತ್ತುಕೊಳ್ಳಲು ನೋಡಿದ, ಅಕ್ಕ ಬಿಡಲಿಲ್ಲ, ಒಳಕ್ಕೆ ಒದ್ದ. ಸ್ವಿಚ್ ತಿರುಗಿಸಿದ. ಹೂಟರ್ ಶುರುವಾಯಿತು. ತಿರುಗಿದವನು ನನ್ನನ್ನು ನೋಡಿದ.

"ಬಿಡೋ ಅವಳನ್ನ!" ಎಂದೆ.

ಸ್ಪ್ಯಾನರ್ ನನ್ನ ಮೊಣಕಾಲಿಗೆ ಉತ್ತರ ಕೊಟ್ಟಿತು. ಕಣ್ಣು ಕತ್ತಲಿಟ್ಟಿತು. ಮೂಟೆಯಂತೆ ಎತ್ತಿ ಬೆಲ್ಟಿನ ಮೇಲೆ ಹಾಕಿದ...

ಅಲ್ಲಿಗೆ ಬಂದೆವು ನೋಡಿ.

ಬೆಲ್ಟ್ ಓಡುತ್ತಿತ್ತು. ಗೂಳಿ ಪಕ್ಕದಲ್ಲಿ ನಡೆಯುತ್ತಿದ್ದ. ಕಪ್ಪು ಬಾಯಿ ಹತ್ತಿರವಾಗುತ್ತಿತ್ತು. ಅಮ್ಮನ ಮುಖ ನೆನಪಾಯಿತು. ನಿಜ ಹೇಳುತ್ತೇನೆ, ಅಳು ಬಂತು.

"ಅಕ್ಕಾ!" ಎಂದು ಅರಚಿದೆ.

ಗೂಳಿ ಒಂದು ತಪ್ಪು ಮಾಡಿದ್ದ. ನನ್ನನ್ನು ಬೀಳ್ಕೊಡುವ ಹುಮ್ಮಸ್ಸಿನಲ್ಲಿ ಅಕ್ಕನ ಕಿಟಕಿಗೆ ಬೆನ್ನು ಹಾಕಿದ್ದ!

ನನ್ನ ಪಾದ ಕಪ್ಪು ಬಾಯಿಯ ಮೇಲೆ ಚಾಚಿತು. ಒಂದು ಚಪ್ಪಲಿ ಜಾರಿ ಕೆಳಗೆ ಬಿತ್ತು. ಅದನ್ನು ಕ್ರಷರ್ ಅಗಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಬೆಲ್ಟ್ ಗಕ್ಕನೆ ನಿಂತಿತು.

ಹಿಂದಕ್ಕೆ ಕತ್ತು ಹೊರಳಿಸಿ ನೋಡಿದೆ. ಪೊರಕೆ ಹಗ್ಗದ ಮೇಲೆ ಕೂತಿತ್ತು!

"ಥೂ!" ಎಂದು ಗೂಳಿ ಹಿಂದಕ್ಕೆ ಓಡಿದ. ಓಡಲೇಬೇಕು, ಸ್ವಿಚ್ ಇದ್ದದ್ದು ಅಲ್ಲಿ. ನಾನು ಉರುಳಿ ಕೆಳಗಿಳಿದೆ. ಕೈಗೆ ಸಿಕ್ಕ ಕಲ್ಲಿದ್ದಲಿನ ಗಟ್ಟಿಯೊಂದನ್ನು ಎತ್ತಿಕೊಂಡು ಕುಂಟುತ್ತ ಹಿಂದೆ ಹೋದೆ. ಅವನು ಸ್ವಿಚ್ಚಿಗೆ ಬಗ್ಗಿದ. ಅಕ್ಕ ಸರಳಿನೊಳಗಿಂದ ಪೊರಕೆ ತಿರುಗಿಸಿ ಅವನ ಮುಖಕ್ಕೇ ಹಾಕಿದಳು. ಕಣ್ಣಿನ ತುಂಬ ಕಪ್ಪು ಪುಡಿ! ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ನಾನು ಗಟ್ಟಿಯನ್ನು ಅವನ ತಲೆಗೆ ಕೊಟ್ಟೆ.

ಗೂಳಿ ಮಲಗಿದ. ಕಲ್ಲಿದ್ದಲಿನಿಂದ ನನಗಾದ ಉಪಯೋಗ ಅದೊಂದೇ.

ಅವನ ಜೇಬಿನ ಕೀಲಿಯಿಂದ ಬಾಗಿಲು ತೆರೆದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕತ್ತೆ! ಇನ್ನೊಂದು ಚಪ್ಪಲಿ ಎಲ್ಲೋ?"

"ಅಕ್ಕ... ನಿನಗೇನಾದ್ರೂ ಆಗಿದ್ರೆ..."

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಅದೇ ತಲೆಗೆ ಒಂದು ಮೊಟಕಿದಳು. "ಅಳೋದು ಆಮೇಲೆ. ಸಭೆ ಮುಗೀತಾ?"

"ಇಲ್ಲ."

"ಮತ್ತೆ ನಿಂತ್ಕೊಂಡು ಏನ್ ನೋಡ್ತೀಯಾ? ನಡಿ!"

ಗೂಳಿಯನ್ನು ಕೋಣೆಗೆ ಎಳೆದು ಬೀಗ ಹಾಕಿದೆವು. ಪೊರಕೆಯನ್ನು ಮಾತ್ರ ಅಕ್ಕ ಬಿಟ್ಟು ಬರಲಿಲ್ಲ.

ಗೇಟು ದಾಟುತ್ತಲೇ ಹಿಂದೆ ಒಂದು ಕಪ್ಪು ಕಾರು! ಬಾತ್‌ರೂಮಿಗೆ ಹೋದವನು ಬರಲಿಲ್ಲ ಅಂತ ಕೂಲಿಂಗ್ ಗ್ಲಾಸ್ ಅಟ್ಟಿದ ಉಳಿದ ಬಂಟರು. ಸ್ಕೂಟರಿನ ಕಿವಿ ಹಿಂಡಿದೆ. ಅದು ಕೆಮ್ಮಿತು, ಓಡಲಿಲ್ಲ. ಕಾರು ಹತ್ತಿರವಾಯಿತು. ಬಂಪರ್ ನಮ್ಮ ಹಿಂದಿನ ಚಕ್ರ ಮುಟ್ಟಿತು!

"ಎಡಕ್ಕೆ ತಗೋ!" ಅಕ್ಕ ಕಿವಿಯಲ್ಲಿ ಕೂಗಿದಳು. "ಬೂದಿ ರೋಡು!"

ಸ್ಥಾವರದ ಬೂದಿಯನ್ನು ಲಾರಿಗಳು ಸಾಗಿಸುವ ರಸ್ತೆ ಅದು. ಮೊಣಕಾಲುದ್ದ ಒಣ ಬೂದಿ ಎರಡೂ ಬದಿಗೆ. ಅಕ್ಕ ಹಿಂದಕ್ಕೆ ತಿರುಗಿ ಪೊರಕೆಯನ್ನು ನೆಲಕ್ಕೆ ಒತ್ತಿ ಹಿಡಿದಳು. ಬೂದಿ ಎದ್ದಿತು ನೋಡಿ! ನಮ್ಮ ಹಿಂದೆ ಕಾರೂ ಇಲ್ಲ, ರಸ್ತೆಯೂ ಇಲ್ಲ, ಆಕಾಶವೂ ಇಲ್ಲ. ಧಡ್ ಅಂತ ಸದ್ದಾಯಿತು. ಚರಂಡಿ.

"ಸತ್ರಾ?" ಎಂದೆ.

"ಕೆಮ್ತಿದಾರೆ. ಕೆಮ್ಮಲಿ. ನಿಮ್ಮ ಭಾವನೂ ಹಾಗೇ ಶುರು ಮಾಡಿದ್ರು."

ಹಾಲಿನ ಹೊರಗಿದ್ದ ಊರು ನಮ್ಮನ್ನು ನೋಡಿ ಎರಡು ಪಾಲಾಗಿ ದಾರಿ ಬಿಟ್ಟಿತು. ತಲೆಯಿಂದ ಕಾಲಿನವರೆಗೆ ಕಪ್ಪು, ಅದರ ಮೇಲೆ ಬೂದಿ, ಅಕ್ಕನ ಕೈಯಲ್ಲಿ ಪೊರಕೆ. ಪೊಲೀಸರಿಗೆ ತಡೆಯಬೇಕೆಂಬುದೇ ಮರೆತುಹೋಯಿತು.

ಒಳಗೆ ಅಧಿಕಾರಿ ಹೇಳುತ್ತಿದ್ದರು: "ಬೇರೆ ಯಾರೂ ಮಾತಾಡೋರಿಲ್ಲ ಅಂದ್ರೆ..."

"ಇದೀನಿ!" ಎಂದಳು ಅಕ್ಕ. "ಮೊದಲನೇ ಹೆಸರು ನಂದೇ."

ಕೂಲಿಂಗ್ ಗ್ಲಾಸ್ ಕನ್ನಡಕ ತೆಗೆದ. ಮೊದಲ ಬಾರಿಗೆ ಅವನ ಕಣ್ಣು ನೋಡಿದೆ. ಸಣ್ಣವು.

ಅಕ್ಕ ಮೈಕ್ ಹಿಡಿದಳು. "ಭಾಷಣ ಬರಲ್ಲ ನನಗೆ. ಬೆಳಿಗ್ಗೆಯಿಂದ ಕೂಡಿ ಹಾಕಿದ್ರು. ಇದು ಅವರ ಧೂಳು," ಎಂದು ಸೆರಗು ಕೊಡವಿದಳು. ಮುಂದಿನ ಸಾಲಿನವರು ಕೆಮ್ಮಿದರು. "ಇಷ್ಟಕ್ಕೇ ಕೆಮ್ಮು ಬಂತಲ್ಲ... ನನ್ನ ಗಂಡ ಇದನ್ನ ದಿನಾ ಕುಡಿದ್ರು. ವೋಟು ಕೇಳೋವಾಗ ಒಂದೂ ಬೇಡ ಅಂದ್ರಿ. ಕುರ್ಚಿ ಸಿಕ್ಕ ಮೇಲೆ ಇರ್ಲಿ ಬಿಡಿ ಅಂದ್ರಿ. ರಾಜಿ ಮಾಡ್ಕೊಂಡವರು ಯಾರಾದ್ರೂ ನಮ್ಮೂರಲ್ಲಿ ಮನೆ ಮಾಡ್ತೀರಾ? ಹೇಳಿ!"

ವೇದಿಕೆಯ ಮೇಲಿನವರು ನೀರಿನ ಲೋಟಕ್ಕೆ ಕೈ ಹಾಕಿದರು.

"ಸರಿ," ಅಧಿಕಾರಿ ಗಂಟಲು ಸರಿ ಮಾಡಿಕೊಂಡರು. "ಹೊಸ ಸ್ಥಾವರಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ."

ಕೂಲಿಂಗ್ ಗ್ಲಾಸ್ ನನ್ನ ಕರ್ಚೀಫ್ ತೆಗೆದು ಕತ್ತು ಒರೆಸಿಕೊಂಡ. ಯಾರೂ ಅಲುಗಲಿಲ್ಲ. ಇನ್ನೂ ಜೋರಾಗಿ ಒರೆಸಿಕೊಂಡ. ಚರ್ಮ ಕೆಂಪಾಯಿತು! ನನ್ನ ಜನ ಅವನ ಕತ್ತನ್ನು ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ನನ್ನ ಕತ್ತನ್ನು.

ನನಗೋ, ಬೆವರು ಧಾರಾಕಾರ. ಹಣೆಯಿಂದ ಕಣ್ಣಿಗೆ, ಕಿವಿಯಿಂದ ಕತ್ತಿಗೆ. ಬೂದಿ ಸೇರಿ ಉರಿಯುತ್ತಿತ್ತು. ತೋಳಿನಲ್ಲಿ ಒಂದು ಸಲ ಒರೆಸಿಕೊಂಡರೆ ಸಾಕು, ಅಷ್ಟೂ ಕೈ ಮೇಲೇಳುತ್ತವೆ...

ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಉರಿಯಲಿ!

ಒಂದು ಕೈಯೂ ಏಳಲಿಲ್ಲ.

"ವಿರೋಧ ಇರೋರು?"

ಇದಕ್ಕೆ ನಮ್ಮಲ್ಲಿ ಸಿಗ್ನಲ್ ಇರಲಿಲ್ಲ. ಇದಕ್ಕೆ ಯಾರೂ ಹೇಳಿಯೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ, ನಾನು ಕರೆತಂದ ಅಜ್ಜಿಯೇ, ಇನ್ನೂ ಕೆಮ್ಮುತ್ತಲೇ ಕೈ ಎತ್ತಿದಳು. ಪಕ್ಕದವನು ಎತ್ತಿದ. ಅವನ ಹಿಂದಿನ ಸಾಲು. ಅದರ ಹಿಂದಿನದು. ಬಾಗಿಲಾಚೆ ನಿಂತ ಊರು ಎರಡೆರಡು ಕೈ ಎತ್ತಿತು!

ನಾನು ಯಾವ ಸಿಗ್ನಲ್ಲೂ ಕೊಟ್ಟಿರಲಿಲ್ಲ, ಆಣೆಗೂ.

ಸಂಜೆ ಟಿವಿಯಲ್ಲಿ ಸಣ್ಣ ಪಕ್ಷದ ನಾಯಕರು "ನಾವು ಸದಾ ಜನರ ಜೊತೆ" ಅಂದರು. ಸ್ಥಾವರ ರದ್ದು ಅನ್ನಲಿಲ್ಲ, ಮುಂದಕ್ಕೆ ಹಾಕಿದ್ದೇವೆ ಅಂದರು. ಅಕ್ಕ ಟಿವಿ ಆರಿಸಿ ಭಾವನ ನಳಿಗೆ ಸರಿ ಮಾಡಿ, "ಮತ್ತೆ ಬರ್ತಾರೆ ನೋಡ್ತಿರು," ಅಂದಳು.

ಬಂದಿದ್ದೀರಿ. ಇನ್ನೊಂದು ಸಭೆ ಇಡುತ್ತೀರಂತೆ, ಹಾಲ್ ತುಂಬಬೇಕಂತೆ. ತುಂಬಿಸೋಣ ಸ್ವಾಮಿ, ಅದು ನನ್ನ ಕಸುಬು. ನನ್ನ ಕರ್ಚೀಫ್ ಮಾತ್ರ ನಿಮ್ಮ ಕೂಲಿಂಗ್ ಗ್ಲಾಸ್ ಹತ್ತಿರವೇ ಉಳಿದುಹೋಗಿದೆ. ಬರುವಾಗ ಅದನ್ನು ನೀವು ತನ್ನಿ...

ಪೊರಕೆಯನ್ನು ಅಕ್ಕ ತರುತ್ತಾಳೆ.